ಇಮ್ಮಡಿಯ ಲೆಕ್ಕ

2020ರ ಮಾರ್ಚ್ ತಿಂಗಳ ನಡುವಿನಲ್ಲಿ ಕೊರೋನಾ ರೋಗದ ಭೀತಿಯಿಂದ ಕರ್ನಾಟಕದ ಚಿತ್ರಮಂದಿರಗಳು ಮುಚ್ಚಿದುವು. ಮದುವೆ ಜಾತ್ರೆಗಳಿಗೆ ತಡೆಬಿದ್ದಿತು. ನಮ್ಮ ತರಗತಿಗಳೂ ಬರಿದಾದುವು. ರೋಗಿಗಳು ಬೆರಳೆಣಿಕೆಯಷ್ಟಿರುವಾಗ ಇಷ್ಟು ಗಾಬರಿಯೇಕೆಂದು ಭೌತಶಾಸ್ತ್ರ ಬೋಧಿಸುವ ನಾವೂ ಭಾವಿಸಿದೆವು. ಅದು ತಪ್ಪು. ಮೂರು ದಿನಗಳಿಗೊಮ್ಮೆ ಇಮ್ಮಡಿಸುವ ಸೋಂಕು ತಡೆಯಿಲ್ಲದಿದ್ದರೆ 30 ದಿನಗಳಲ್ಲಿ 1,024 ಪಟ್ಟಾಗುತ್ತದೆ. ಹತ್ತು ರೋಗಿಗಳು 10,240 ಆಗುವರು. ಸಂಖ್ಯೆ ಕಿರಿದಾಗಿರುವಾಗಲೇ ತಡೆಯುವುದು ವಿವೇಕ.

ಆದರೆ ಮಾರ್ಚ್ 25ರಂದು ದೇಶವೆಲ್ಲ ಸ್ತಬ್ಧವಾದಾಗ ನಮ್ಮ ಸಂಬಳ ನಿಲ್ಲಲಿಲ್ಲ. ದಿನಗೂಲಿಯವರ ಅನ್ನ ನಿಂತಿತು. ಅವರು ನಡೆದೇ ಊರಿಗೆ ಹೊರಟರು. ತಡೆಯ ಲಾಭ ಎಲ್ಲರದಾದರೆ ಅದರ ಭಾರವೂ ಎಲ್ಲರದಾಗಬೇಕು. ಮೊದಲನೆಯ ಲೆಕ್ಕವನ್ನು ವಿಜ್ಞಾನ ಕಲಿಸುತ್ತದೆ. ಎರಡನೆಯದನ್ನು ವಿದ್ಯಾರ್ಥಿಗಳು ಈಗಲೇ ಕಲಿಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ.