ಅದು ಅಜ್ಞಾನವಲ್ಲ, ಅನುಭವ

ತಂತ್ರಜ್ಞಾನದ ಮೇಲೆ ಜನರಿಗಿದ್ದ ಭರವಸೆ ಕುಂದಲು ಅಜ್ಞಾನ ಮತ್ತು ಅಪಪ್ರಚಾರವೇ ಕಾರಣ ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಇದನ್ನು ಒಪ್ಪಲಾಗದು. ನಮ್ಮ ಜನ ಹುಟ್ಟಾ ಅನುಮಾನಿಗಳಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತನ್ನೂ 1905ರಲ್ಲಿ ಬೆಂಗಳೂರಿನಲ್ಲಿ ಬೆಳಗಿದ ದೀಪಗಳನ್ನೂ ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ.

ಹಾಗಾದರೆ ನಂಬಿಕೆ ಮುರಿದದ್ದೆಲ್ಲಿ? 1954ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ಮೀಟರ್ ಇಡುವ ಅಗತ್ಯವೇ ಬೀಳದಷ್ಟು ಅಗ್ಗದ ವಿದ್ಯುತ್ತಿನ ಆಸೆ ತೋರಿಸಿದರು. ಆ ವಿದ್ಯುತ್ ಬರಲಿಲ್ಲ. 1979ರಲ್ಲಿ ತ್ರೀ ಮೈಲ್ ಐಲೆಂಡ್, 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ದುರಂತಗಳು ಬಂದವು. ನಡುವೆ, 1984ರಲ್ಲಿ, ಭೋಪಾಲದ ವಿಷಾನಿಲ ಮಲಗಿದ್ದ ಸಾವಿರಾರು ಜನರನ್ನು ಕೊಂದಿತು.

ನಮ್ಮ ಕೈಗಾವನ್ನೇ ನೋಡಿ. ಅಲ್ಲಿನ ಅಣು ವಿದ್ಯುತ್ ಸ್ಥಾವರವನ್ನು ವಿರೋಧಿಸಿ ಸಾಹಿತಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು. ಕನ್ನಡದ ಮಕ್ಕಳಿಗೆ ವಿಜ್ಞಾನವನ್ನು ಬರೆದುಕೊಟ್ಟ ಅವರನ್ನು ಅಜ್ಞಾನಿ ಎನ್ನಲಾದೀತೇ? 1994ರಲ್ಲಿ, ಕಟ್ಟುತ್ತಿದ್ದ ಹಂತದಲ್ಲೇ, ಅಲ್ಲಿನ ಗುಮ್ಮಟದ ಕಾಂಕ್ರೀಟ್ ಕುಸಿಯಿತು. ಸ್ಥಾವರ ಆಮೇಲೆ ವಿದ್ಯುತ್ ಕೊಟ್ಟಿದೆ, ನಿಜ. ಆದರೆ ಪ್ರಶ್ನೆ ಕೇಳಿದವರನ್ನು ಪ್ರಗತಿಯ ವಿರೋಧಿಗಳೆಂದು ಜರೆದದ್ದು ಮಾತ್ರ ತಪ್ಪೇ.

ಜನ ಯಂತ್ರಕ್ಕೆ ಹೆದರಿಲ್ಲ. ಕೊಟ್ಟ ಮಾತಿಗೆ ಹೊಣೆಯಾಗದವರನ್ನು ನಂಬುವುದನ್ನು ಬಿಟ್ಟಿದ್ದಾರೆ. ಕಳೆದ ನಂಬಿಕೆ ಉಪದೇಶದಿಂದ ಮರಳದು. ಅಪಾಯವನ್ನು ಮೊದಲೇ ಬಿಚ್ಚಿ ಹೇಳಿ. ನಷ್ಟ ಹೊರುವವರಿಗೆ ನಿರ್ಧಾರದಲ್ಲಿ ಪಾಲು ಕೊಡಿ.