ಕೂಸಿಗೆ ಕಿಟ್ ಬೇಡ, ಎದುರಿಗೆ ಕೂರುವ ಅಪ್ಪ ಬೇಕು

ಎರಡು ವರ್ಷದ ಕೂಸಿಗೆ ಎಬಿಸಿಡಿ ಬರಬೇಕು, ಬಣ್ಣಗಳ ಹೆಸರು ಇಂಗ್ಲಿಷಿನಲ್ಲೇ ಹೇಳಬೇಕು, ಇಲ್ಲದಿದ್ದರೆ ಹಿಂದೆ ಬೀಳುತ್ತದೆ. ಫೋನ್ ತೆರೆದರೆ ಇದೇ ಮಾತು. ಕಾರ್ಡು, ಕಿಟ್ಟು, ಆ್ಯಪು ಕೊಳ್ಳಿ ಎನ್ನುವ ಜಾಹೀರಾತು ಬೆಂಗಳೂರಿನ ಫ್ಲಾಟಿಗೂ ಹಿರೇನಲ್ಲೂರಿನ ಜಗಲಿಗೂ ಒಟ್ಟಿಗೇ ಬಂದು ಬೀಳುತ್ತದೆ. ನಾವು ನೇರವಾಗಿ ಹೇಳುತ್ತೇವೆ: ಆ ದುಡ್ಡು ಉಳಿಸಿ. ಕೂಸಿಗೆ ಬೇಕಿರುವುದು ದಿನಾ ಒಂದಿಷ್ಟು ಹೊತ್ತು ಎದುರಿಗೆ ಕೂತು ಮಾತಾಡಿಸುವ, ಆಡಿಸುವ ಮನುಷ್ಯ. ಆ ಮನುಷ್ಯ ಯಾವಾಗಲೂ ತಾಯಿಯೇ ಆಗಬೇಕಿಲ್ಲ.

ಹಾಗಂತ 'ಮಕ್ಕಳು ತಾವಾಗೇ ಬೆಳೀತಾವೆ, ನಮಗ್ಯಾರು ಕಲಿಸಿದ್ರು?' ಎನ್ನುವವರ ಮಾತನ್ನೂ ನಾವು ಒಪ್ಪುವುದಿಲ್ಲ. ನಿಮಗೂ ಕಲಿಸಿದವರಿದ್ದರು. ಅಜ್ಜಿ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಾ ಕೈ ಯಾವುದು, ಕಾಲು ಯಾವುದು ಎಂದು ಮಾತಾಡಿಸುತ್ತಿದ್ದಳು. ಅತ್ತೆ ಸೊಂಟದ ಮೇಲೆ ಕೂರಿಸಿಕೊಂಡು ಕೊಟ್ಟಿಗೆಯ ಕರು ತೋರಿಸುತ್ತಿದ್ದಳು. ಅದನ್ನು ಯಾರೂ ಪಾಠ ಎಂದು ಕರೆಯಲಿಲ್ಲ, ಅಷ್ಟೇ. ಈಗ ಎಷ್ಟೋ ಮನೆಗಳಲ್ಲಿ ಇರುವುದೇ ಮೂರು ನಾಲ್ಕು ಜನ. ಆಗ ತಾನಾಗಿ ಸಿಗುತ್ತಿದ್ದದ್ದನ್ನು ಈಗ ಹೊತ್ತು ಗೊತ್ತುಮಾಡಿಕೊಂಡು ಕೊಡಬೇಕು.

ಇದಕ್ಕೆ ಲೆಕ್ಕದ ಆಧಾರವೂ ಇದೆ. 1980ರ ದಶಕದಲ್ಲಿ ಜಮೈಕಾ ದೇಶದ ಕಿಂಗ್‌ಸ್ಟನ್ ನಗರದಲ್ಲಿ, ಬೆಳವಣಿಗೆ ಕುಂಠಿತವಾಗಿದ್ದ ಬಡ ಮಕ್ಕಳ ಮನೆಗಳಿಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ಕಾಲ ವಾರಕ್ಕೊಮ್ಮೆ ಹೋದರು. ಮನೆಯಲ್ಲೇ ಮಾಡಿದ ಆಟಿಕೆ ಹಿಡಿದು, ಕೂಸಿನ ಜೊತೆ ಹೇಗೆ ಆಡಬೇಕೆಂದು ತಾಯಂದಿರಿಗೆ ತೋರಿಸಿದರು. 20 ವರ್ಷದ ನಂತರ ನೋಡಿದರೆ, ಇಂಥ ಭೇಟಿ ಸಿಗದ ಅಂಥದೇ ಮಕ್ಕಳಿಗಿಂತ ಇವರ ದುಡಿಮೆ ಶೇ 25ರಷ್ಟು ಹೆಚ್ಚಿತ್ತು. 2014ರಲ್ಲಿ 'ಸೈನ್ಸ್' ಪತ್ರಿಕೆ ಇದನ್ನು ಪ್ರಕಟಿಸಿತು.

ನಮ್ಮ ಮನೆಗಳಲ್ಲಿ ಸಾಮಾನಿಗೇನು ಕೊರತೆ? ಚೆನ್ನಾಗಿ ಉಜ್ಜಿ ನಯ ಮಾಡಿದ ದೊಡ್ಡ, ಸಣ್ಣ ಕರಟಗಳನ್ನು ಒಂದರೊಳಗೊಂದು ಇಡಿಸಿ. ಲೋಟದಿಂದ ಲೋಟಕ್ಕೆ ನೀರು ಸುರಿಯಲಿ. ಒಗೆದ ಬಟ್ಟೆ ಮಡಚುವಾಗ ಇದು ತಾತಂದು, ಇದು ಅವ್ವಂದು ಎಂದು ಬೇರೆ ಮಾಡಿಸಿ. ಟವಲ್ಲಿನಡಿ ಚಮಚ ಬಚ್ಚಿಟ್ಟು ಹುಡುಕಿಸಿ. ಮಾಡುವುದನ್ನೆಲ್ಲ ಬಾಯಲ್ಲಿ ಹೇಳಿ, ಕೂಸು ತೊದಲಿದ್ದಕ್ಕೆ ಉತ್ತರ ಕೊಡಿ. ಬೇಸರ ಬಂತೋ, ಅಲ್ಲಿಗೇ ಬಿಡಿ. ಒಂದು ಎಚ್ಚರ: ಹುಣಸೆ ಬೀಜ, ಕಡಲೆಬೀಜ, ಗೋಲಿ ಇವು ಮೂರು ವರ್ಷದೊಳಗಿನ ಕೈಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ನೀರಿನ ಹತ್ತಿರ ಒಂಟಿಯಾಗಿ ಬಿಡಲೇಬೇಡಿ.

ಫೋನ್ ಈ ಕೆಲಸ ಮಾಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಒಂದು ವರ್ಷದ ಕೂಸಿಗೆ ಪರದೆಯೇ ಬೇಡ, ಎರಡು ವರ್ಷದ್ದಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಇನ್ನು ಕೂರುವವರು ಯಾರು? ತೋಟದ ಕೂಲಿ, ದನದ ಕೆಲಸ, ಮುದ್ದೆ ಸಾರು ಎಲ್ಲ ಮುಗಿಸಿದವಳ ಮೇಲೆ 'ಕೂಸಿಗೆ ಕಲಿಸು' ಎಂಬ ಹೊರೆಯನ್ನೂ ಹೊರಿಸುತ್ತೇವೆ. ಅದೇ ಸಂಜೆ ಗಂಡಸರು ಅರಳಿಕಟ್ಟೆಯ ಮೇಲೆ ಫೋನ್ ಉಜ್ಜುತ್ತಾ ಕೂತಿರುತ್ತೇವೆ. ದುಡಿದು ಸುಸ್ತಾಗಿದೆ ಎನ್ನುತ್ತೇವೆ. ಅವಳೇನು ಮಲಗಿ ಎದ್ದಳೇ? ಕರಟ ಜೋಡಿಸಲು ಡಿಗ್ರಿ ಬೇಕಿಲ್ಲ. ಅಪ್ಪ, ತಾತ, ಚಿಕ್ಕಪ್ಪ ಹದಿನೈದು ನಿಮಿಷ ಕೂತರೆ ಗಂಟೇನೂ ಹೋಗುವುದಿಲ್ಲ.

ಸರ್ಕಾರವೂ ನುಣುಚಿಕೊಳ್ಳುವಂತಿಲ್ಲ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2024ರಲ್ಲಿ 'ನವಚೇತನ' ಎಂಬ ಕೈಪಿಡಿ ತಂದಿತು. ಅದರಲ್ಲಿ ವಯಸ್ಸಿಗೆ ತಕ್ಕ 140 ಚಟುವಟಿಕೆಗಳಿವೆ. ಒಳ್ಳೆಯದೇ. ಆದರೆ ಮನೆಗೆ ಬಂದು ಮಾಡಿ ತೋರಿಸಬೇಕಾದ ಅಂಗನವಾಡಿ ಕಾರ್ಯಕರ್ತೆಯ ತಲೆ ಮೇಲೆ ತೂಕ, ಆಹಾರ, ಆ್ಯಪ್ ದಾಖಲೆ, ಎಷ್ಟೋ ಕಡೆ ಮತಪಟ್ಟಿಯ ಕೆಲಸವನ್ನೂ ಹೇರಲಾಗಿದೆ. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆ ಐವತ್ತು ವರ್ಷ ಕಂಡಿದೆ. ಅಂಗನವಾಡಿಯ ಶಾಲಾಪೂರ್ವ ಪಾಠ ಇವತ್ತಿಗೂ ಮೂರು ವರ್ಷ ತುಂಬಿದವರಿಗೇ. ಅದಕ್ಕಿಂತ ಚಿಕ್ಕವರಿಗೆ ಮುಖ್ಯವಾಗಿ ಸಿಗುವುದು ಆಹಾರದ ಪೊಟ್ಟಣ. ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗೆಂದು ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿತು.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಿ: ನಮ್ಮ ಪಂಚಾಯಿತಿಯ ಕೂಸಿನ ಮನೆ ಎಲ್ಲಿ? ಅಂಗನವಾಡಿ ಅಕ್ಕನಿಗೆ ಮನೆ ಭೇಟಿಗೆ ಬಿಡುವು ಯಾವಾಗ ಕೊಡುತ್ತೀರಿ? ಕೇಳಲು ಅಪ್ಪಂದಿರೇ ಹೋಗಿ, ಕೂಸನ್ನು ಎತ್ತಿಕೊಂಡೇ ಹೋಗಿ.