ಭಾರತದಲ್ಲಿ ವಾಹನ ಕಳ್ಳತನದ ಅಂಕಿಅಂಶಗಳ ವಿಶ್ವಾಸಾರ್ಹತೆ

ಭಾರತದಲ್ಲಿ ವಾಹನ ಕಳ್ಳತನದ ರಾಷ್ಟ್ರೀಯ ಅಂಕಿಅಂಶಗಳು ದೇಶದ ಪೊಲೀಸ್ ಠಾಣೆಗಳಲ್ಲಿ ದಾಖಲಾದ ಮೋಟಾರು ವಾಹನ ಕಳವು ಪ್ರಕರಣಗಳ ವಾರ್ಷಿಕ ಸಂಕಲನವಾಗಿವೆ. ಇವನ್ನು ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ತನ್ನ 'ಕ್ರೈಮ್ ಇನ್ ಇಂಡಿಯಾ' ವರದಿಯಲ್ಲಿ ಪ್ರಕಟಿಸುತ್ತದೆ. ಇತ್ತೀಚಿನ ವರ್ಷಗಳ ವರದಿಗಳಲ್ಲಿ ಈ ಸಂಖ್ಯೆ ವರ್ಷಕ್ಕೆ 2 ಲಕ್ಷವನ್ನು ಮೀರಿದೆ. ಆದರೆ ಈ ಸಂಖ್ಯೆಯು ಕಳುವಾದ ವಾಹನಗಳ ನೇರ ಎಣಿಕೆಯಲ್ಲ. ದಾಖಲಾದ ಪ್ರಥಮ ವರ್ತಮಾನ ವರದಿಗಳ (ಎಫ್‌ಐಆರ್) ಎಣಿಕೆ. ಇವೆರಡರ ನಡುವಿನ ಅಂತರವೇ ಈ ಅಂಕಿಅಂಶಗಳ ವಿಶ್ವಾಸಾರ್ಹತೆಯ ಕುರಿತ ಚರ್ಚೆಯ ಕೇಂದ್ರಬಿಂದು.

ಹಿನ್ನೆಲೆ

'ಕ್ರೈಮ್ ಇನ್ ಇಂಡಿಯಾ' ವರದಿಯು 1953ರಿಂದ ಪ್ರಕಟವಾಗುತ್ತಿದೆ. ಎನ್‌ಸಿಆರ್‌ಬಿ ಸ್ಥಾಪನೆಯಾದದ್ದು 1986ರಲ್ಲಿ. ಸಂವಿಧಾನದ ಪ್ರಕಾರ ಪೊಲೀಸ್ ಆಡಳಿತವು ರಾಜ್ಯಗಳ ವಿಷಯವಾದ್ದರಿಂದ ಬ್ಯೂರೊ ಸ್ವತಃ ಅಪರಾಧಗಳನ್ನು ಎಣಿಸುವುದಿಲ್ಲ. ಠಾಣೆಗಳ ಮಾಹಿತಿಯು ಜಿಲ್ಲೆ ಹಾಗೂ ರಾಜ್ಯ ಮಟ್ಟದ ಅಪರಾಧ ದಾಖಲೆ ಕಚೇರಿಗಳ ಮೂಲಕ ಬ್ಯೂರೊಗೆ ತಲುಪುತ್ತದೆ. ಹೀಗಾಗಿ ಠಾಣೆಯ ಹಂತದಲ್ಲಿ ಬಿಟ್ಟುಹೋದ ಪ್ರಕರಣವನ್ನು ಮೇಲಿನ ಯಾವ ಹಂತದಲ್ಲೂ ಸೇರಿಸಲು ಸಾಧ್ಯವಿಲ್ಲ.

ಮಾಹಿತಿ ಸಕಾಲದಲ್ಲಿ ಬಾರದಿದ್ದಾಗಲೂ ರಾಷ್ಟ್ರೀಯ ಮೊತ್ತದ ಅರ್ಥ ಬದಲಾಗುತ್ತದೆ. ಪಶ್ಚಿಮ ಬಂಗಾಳದ ಮಾಹಿತಿ ಸಮಯಕ್ಕೆ ಬಾರದ ಕಾರಣ 2019ರ ವರದಿಯಲ್ಲಿ ಆ ರಾಜ್ಯದ 2018ರ ಅಂಕಿಗಳನ್ನೇ ಬಳಸಲಾಯಿತು. 2017ನೇ ಸಾಲಿನ ವರದಿ ಪ್ರಕಟವಾದದ್ದು 2019ರ ಅಕ್ಟೋಬರ್‌ನಲ್ಲಿ.

ಎಣಿಕೆಯ ನಿಯಮಗಳು

ಎನ್‌ಸಿಆರ್‌ಬಿ 'ಪ್ರಧಾನ ಅಪರಾಧ' ನಿಯಮವನ್ನು ಅನುಸರಿಸುತ್ತದೆ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತ್ಯಂತ ಗಂಭೀರವಾದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಚಾಲಕನನ್ನು ಕೊಂದು ಕಾರನ್ನು ಒಯ್ದರೆ ಅದು ಕೊಲೆಯ ಪಟ್ಟಿಗೂ, ಬೆದರಿಸಿ ಬೈಕ್ ಕಸಿದುಕೊಂಡರೆ ಅದು ಸುಲಿಗೆಯ ಪಟ್ಟಿಗೂ ಸೇರುತ್ತದೆ.

ಕಾನೂನಿನ ವ್ಯಾಖ್ಯಾನವೂ ಎಣಿಕೆಯನ್ನು ಸೀಮಿತಗೊಳಿಸುತ್ತದೆ. ಬಾಡಿಗೆಗೆ ಪಡೆದ ಕಾರನ್ನು ಹಿಂತಿರುಗಿಸದಿರುವುದನ್ನು ನಂಬಿಕೆ ದ್ರೋಹವೆಂದೂ, ಖರೀದಿಯ ನೆಪದಲ್ಲಿ ವಾಹನ ಪಡೆದು ಪರಾರಿಯಾಗುವುದನ್ನು ವಂಚನೆಯೆಂದೂ ದಾಖಲಿಸಬಹುದು. ಚಕ್ರ, ಬ್ಯಾಟರಿ ಮುಂತಾದ ಬಿಡಿಭಾಗಗಳ ಕಳವು ವಾಹನ ಕಳ್ಳತನವಾಗದು. ಮಾಲೀಕನ ದೃಷ್ಟಿಯಲ್ಲಿ ಮೊದಲ ಎರಡು ಸಂದರ್ಭಗಳಲ್ಲೂ ವಾಹನ ಹೋಗಿದೆ; ಅಂಕಿಅಂಶದ ದೃಷ್ಟಿಯಲ್ಲಿ ಅದು ಕಳುವಾಗಿಲ್ಲ.

ಇನ್ನೊಂದು ತೊಡಕು ಪ್ರಕರಣಗಳಿಗೂ ವಾಹನಗಳಿಗೂ ಇರುವ ವ್ಯತ್ಯಾಸ. ಒಂದು ಪ್ರಕರಣದಲ್ಲಿ ಹಲವು ವಾಹನಗಳು ಕಳುವಾಗಿರಬಹುದು. ಒಂದು ವರ್ಷ ಕಳುವಾದ ವಾಹನ ಮುಂದಿನ ವರ್ಷ ಪತ್ತೆಯಾಗಬಹುದು. ಆದ್ದರಿಂದ ಒಂದೇ ವರ್ಷದ ಕಳವು ಮತ್ತು ಪತ್ತೆಯ ಸಂಖ್ಯೆಗಳನ್ನು ಭಾಗಿಸಿ ಪಡೆಯುವ ಶೇಕಡಾವಾರು ನಿಖರವಾದ ಪತ್ತೆ ಪ್ರಮಾಣವಲ್ಲ.

ಕಡಿಮೆ ದಾಖಲಾತಿ

ಸಂಜ್ಞೇಯ ಅಪರಾಧದ ಮಾಹಿತಿ ದೊರೆತಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು ಲಲಿತಾ ಕುಮಾರಿ ವಿರುದ್ಧ ಉತ್ತರ ಪ್ರದೇಶ ಸರ್ಕಾರ ಪ್ರಕರಣದಲ್ಲಿ 2013ರ ನವೆಂಬರ್‌ನಲ್ಲಿ ತೀರ್ಪು ನೀಡಿತು. ಆದರೂ ವಾಹನ ಎಲ್ಲಾದರೂ ಸಿಗಬಹುದು ಎಂಬ ನಿರೀಕ್ಷೆಯಲ್ಲಿ ದೂರನ್ನು ಕೆಲವು ದಿನ ತಡೆಹಿಡಿಯುವುದು, ಠಾಣಾ ವ್ಯಾಪ್ತಿಯ ನೆಪ ಹೇಳುವುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಗಳು. ದಾಖಲಾದ ಅಪರಾಧಗಳ ಸಂಖ್ಯೆಯನ್ನೇ ಠಾಣೆಯ ಕಾರ್ಯಕ್ಷಮತೆಯ ಅಳತೆಗೋಲಾಗಿ ಬಳಸಿದಾಗ ದಾಖಲಿಸದಿರುವ ಒತ್ತಡ ಹೆಚ್ಚುತ್ತದೆ.

ಎಫ್‌ಐಆರ್ ಇಲ್ಲದಿರುವುದರ ಪರಿಣಾಮ ಕೇವಲ ಲೆಕ್ಕದ ಲೋಪವಲ್ಲ. ವಿಮಾ ಪರಿಹಾರಕ್ಕೆ ಅದು ಅಗತ್ಯ. ಕಳುವಾದ ವಾಹನವನ್ನು ಅಪರಾಧಕ್ಕೆ ಬಳಸಿದರೆ ಅಥವಾ ಅದು ಅಪಘಾತಕ್ಕೀಡಾದರೆ ವಿಚಾರಣೆ ಮೊದಲು ಬರುವುದು ನೋಂದಾಯಿತ ಮಾಲೀಕನ ಬಳಿಗೇ.

ವಿಮೆಯ ಪ್ರಭಾವ

ವಿಮಾ ಕಂಪನಿಗಳು ಎಫ್‌ಐಆರ್ ಹಾಗೂ ವಾಹನ ಪತ್ತೆಯಾಗಿಲ್ಲವೆಂಬ ಅಂತಿಮ ವರದಿಯನ್ನು ಕೇಳುತ್ತವೆ. ಕರ್ನಾಟಕದಲ್ಲಿ ಈ ಬಗೆಯ ವರದಿಯನ್ನು 'ಸಿ ರಿಪೋರ್ಟ್' ಎನ್ನಲಾಗುತ್ತದೆ. ಈ ಕಾರಣದಿಂದ ವಾಹನ ಕಳ್ಳತನವು ಮೊಬೈಲ್ ಅಥವಾ ಜೇಬುಗಳ್ಳತನಕ್ಕಿಂತ ಹೆಚ್ಚು ದಾಖಲಾಗುವ ಅಪರಾಧ. ಆದರೆ ಈ ಪ್ರೇರಣೆ ಎಲ್ಲ ಮಾಲೀಕರಿಗೂ ಸಮಾನವಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಅಡಿ ಕಡ್ಡಾಯವಾಗಿರುವುದು ಮೂರನೇ ವ್ಯಕ್ತಿ ವಿಮೆ ಮಾತ್ರ. ಅದು ಕಳ್ಳತನಕ್ಕೆ ಪರಿಹಾರ ನೀಡುವುದಿಲ್ಲ. ಹಳೆಯ ದ್ವಿಚಕ್ರ ವಾಹನದ ಮಾಲೀಕನಿಗೆ ದೂರು ನೀಡುವುದರಿಂದ ಹಣಕಾಸಿನ ಲಾಭ ಕಡಿಮೆ. ದೇಶದ ನೋಂದಾಯಿತ ವಾಹನಗಳಲ್ಲಿ ಸುಮಾರು ನಾಲ್ಕನೇ ಮೂರು ಭಾಗ ದ್ವಿಚಕ್ರ ವಾಹನಗಳೇ ಆಗಿರುವುದರಿಂದ ಈ ಅಂತರ ಗಣನೀಯ. ಇದಕ್ಕೆ ವಿರುದ್ಧವಾಗಿ, ವಿಮಾ ಹಣಕ್ಕಾಗಿ ಸಲ್ಲಿಸುವ ಸುಳ್ಳು ದೂರುಗಳು ಸಂಖ್ಯೆಯನ್ನು ಹಿಗ್ಗಿಸುತ್ತವೆ.

ದಾಖಲಾತಿ ಪದ್ಧತಿಯ ಬದಲಾವಣೆ

ದೆಹಲಿಯ ಉದಾಹರಣೆ ಈ ವಿಷಯದಲ್ಲಿ ಮುಖ್ಯವಾದುದು. ಭಾರತೀಯ ದಂಡ ಸಂಹಿತೆಯಡಿ ಅಲ್ಲಿ ದಾಖಲಾದ ಎಲ್ಲ ಬಗೆಯ ಅಪರಾಧಗಳ ಒಟ್ಟು ಸಂಖ್ಯೆ 2013ರಲ್ಲಿ ಸುಮಾರು 80 ಸಾವಿರವಿದ್ದುದು 2015ರ ವೇಳೆಗೆ ಸುಮಾರು 1.9 ಲಕ್ಷಕ್ಕೆ ಏರಿತು. ಎರಡು ವರ್ಷಗಳಲ್ಲಿ ಅಪರಾಧವೇ ಇಮ್ಮಡಿಗಿಂತ ಹೆಚ್ಚಾಯಿತು ಎನ್ನುವುದಕ್ಕಿಂತ, ದೂರುಗಳನ್ನು ದಾಖಲಿಸುವ ರೀತಿ ಬದಲಾಯಿತು ಎಂಬುದೇ ಇದಕ್ಕೆ ಹೆಚ್ಚು ಸಮಂಜಸವಾದ ವಿವರಣೆ. ವಾಹನ ಕಳವಿಗೆ ಆನ್‌ಲೈನ್ ಎಫ್‌ಐಆರ್ ಸೌಲಭ್ಯವನ್ನು ದೆಹಲಿ ಪೊಲೀಸರು 2015ರಲ್ಲಿ ಆರಂಭಿಸಿದರು. 2018 ಮತ್ತು 2019ರಲ್ಲಿ ಆ ನಗರದಲ್ಲಿ ತಲಾ 40 ಸಾವಿರಕ್ಕೂ ಹೆಚ್ಚು ವಾಹನ ಕಳವು ಪ್ರಕರಣಗಳು ದಾಖಲಾದವು. ದೂರು ನೀಡುವುದು ಸುಲಭವಾಗಿರುವ ನಗರವು ಪಟ್ಟಿಯಲ್ಲಿ ಹೆಚ್ಚು ಅಸುರಕ್ಷಿತವೆಂದು ಕಾಣಿಸಿಕೊಳ್ಳುವ ಸಾಧ್ಯತೆಯಿದೆ. ಅಪರಾಧದ ಏರಿಕೆ ಮತ್ತು ದಾಖಲಾತಿಯ ಏರಿಕೆ ಬೇರೆ ಬೇರೆಯೆಂದು ಎನ್‌ಸಿಆರ್‌ಬಿ ತನ್ನ ವರದಿಗಳಲ್ಲಿಯೇ ಎಚ್ಚರಿಸುತ್ತದೆ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ನಂತರ ವರ್ಗೀಕರಣವೂ ಬದಲಾಗಿದೆ. ಹಿಂದೆ ವಾಹನ ಕಳವಿಗೆ ಸಾಮಾನ್ಯವಾಗಿ ದಂಡ ಸಂಹಿತೆಯ 379ನೇ ಕಲಂ ಅನ್ವಯವಾಗುತ್ತಿತ್ತು. ಹೊಸ ಸಂಹಿತೆಯ 303ನೇ ಕಲಂ ಸಾಮಾನ್ಯ ಕಳ್ಳತನಕ್ಕೆ ಸಂಬಂಧಿಸಿದ್ದರೆ, ಸರಕು ಅಥವಾ ಪ್ರಯಾಣಿಕರ ಸಾಗಣೆಗೆ ಬಳಸುವ ಸಾರಿಗೆ ಸಾಧನದ ಕಳವನ್ನು 305ನೇ ಕಲಂ ಪ್ರತ್ಯೇಕವಾಗಿ ಹೆಸರಿಸಿ ಏಳು ವರ್ಷಗಳವರೆಗಿನ ಶಿಕ್ಷೆಯನ್ನು ವಿಧಿಸುತ್ತದೆ. ಆದ್ದರಿಂದ 2024ರ ಹಿಂದಿನ ಮತ್ತು ನಂತರದ ಅಂಕಿಗಳನ್ನು ಕಲಂವಾರು ಹೋಲಿಸುವಾಗ ಎಚ್ಚರ ಅಗತ್ಯ.

ಛೇದದ ಸಮಸ್ಯೆ

ಎನ್‌ಸಿಆರ್‌ಬಿ ಅಪರಾಧ ದರವನ್ನು ಪ್ರತಿ ಲಕ್ಷ ಜನಸಂಖ್ಯೆಗೆ ಲೆಕ್ಕ ಹಾಕುತ್ತದೆ. ವಾಹನ ಕಳವಿಗೆ ಇದು ಸೂಕ್ತ ಅಳತೆಯಲ್ಲ. ಉದಾಹರಣೆಗೆ, ತಲಾ 10 ಲಕ್ಷ ಜನಸಂಖ್ಯೆಯ ಎರಡು ನಗರಗಳಲ್ಲಿ 500 ವಾಹನಗಳು ಕಳುವಾದರೆ ಎರಡರ ದರವೂ 50. ಆದರೆ ಮೊದಲನೆಯದರಲ್ಲಿ 2 ಲಕ್ಷ, ಎರಡನೆಯದರಲ್ಲಿ 8 ಲಕ್ಷ ವಾಹನಗಳಿದ್ದರೆ, ಮೊದಲ ನಗರದ ಮಾಲೀಕನಿಗಿರುವ ಅಪಾಯ ನಾಲ್ಕು ಪಟ್ಟು. ನೋಂದಾಯಿತ ವಾಹನಗಳ ಸಂಖ್ಯೆಯನ್ನು ಛೇದವಾಗಿ ಬಳಸಿದರೂ ತೊಡಕು ತಪ್ಪದು. ಗುಜರಿಗೆ ಹೋದ ಅನೇಕ ವಾಹನಗಳು ನೋಂದಣಿ ಕಡತದಲ್ಲಿ ಉಳಿದಿರುತ್ತವೆ. 2011ರ ನಂತರ ಜನಗಣತಿ ನಡೆಯದ ಅವಧಿಯ ಜನಸಂಖ್ಯೆಯೂ ಅಂದಾಜಿನದೇ.

ಪರ್ಯಾಯ ಮೂಲಗಳು

ಅಮೆರಿಕದಲ್ಲಿ 1973ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1980ರ ದಶಕದಿಂದ ಅಪರಾಧ ಸಂತ್ರಸ್ತರ ಸಮೀಕ್ಷೆಗಳು ನಡೆಯುತ್ತಿವೆ. ಪೊಲೀಸರಿಗೆ ದೂರು ನೀಡದವರ ಅನುಭವವೂ ಇವುಗಳಲ್ಲಿ ದಾಖಲಾಗುತ್ತದೆ. ಭಾರತದಲ್ಲಿ ಇಂತಹ ನಿಯಮಿತ ರಾಷ್ಟ್ರೀಯ ಸಮೀಕ್ಷೆ ಇಲ್ಲ. ಐಡಿಎಫ್‌ಸಿ ಇನ್‌ಸ್ಟಿಟ್ಯೂಟ್ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಬೆಂಗಳೂರು, ದೆಹಲಿ, ಮುಂಬೈ ಮತ್ತು ಚೆನ್ನೈ ನಗರಗಳನ್ನು ಒಳಗೊಂಡಿತ್ತು. ಒಟ್ಟಾರೆ ಕಳ್ಳತನಗಳಲ್ಲಿ ಅಲ್ಪ ಭಾಗ ಮಾತ್ರ ಎಫ್‌ಐಆರ್ ಆಗುವುದನ್ನು ಅದು ತೋರಿಸಿತು.

ವಿಮಾ ಪರಿಹಾರದ ದಾಖಲೆಗಳು, ಸಾರಿಗೆ ಇಲಾಖೆಯ 'ವಾಹನ್' ನೋಂದಣಿ ಕೋಶ ಮತ್ತು ಕಳುವಾದ ಹಾಗೂ ಪತ್ತೆಯಾದ ವಾಹನಗಳನ್ನು ತಾಳೆ ನೋಡುವ ಎನ್‌ಸಿಆರ್‌ಬಿಯ 'ವಾಹನ್ ಸಮನ್ವಯ' ವ್ಯವಸ್ಥೆ ಇತರ ಮೂಲಗಳು. ಪ್ರತಿಯೊಂದರ ವ್ಯಾಪ್ತಿ ಬೇರೆಯಾದರೂ ಒಂದನ್ನೊಂದು ಪರೀಕ್ಷಿಸಲು ಅವು ನೆರವಾಗುತ್ತವೆ.

ಮಹತ್ವ

ಹೊಸ ವಾಹನಗಳಿಗೆ 2019ರ ಏಪ್ರಿಲ್ 1ರಿಂದ ಕಡ್ಡಾಯವಾದ ಅತಿ ಸುರಕ್ಷಿತ ನೋಂದಣಿ ಫಲಕದಂತಹ ಕ್ರಮಗಳ ಪರಿಣಾಮವನ್ನು ಅಳೆಯಲು ನಂಬಲರ್ಹ ಅಂಕಿಅಂಶ ಅಗತ್ಯ. 2020ರ ಲಾಕ್‌ಡೌನ್‌ನಂತಹ ಅಸಾಧಾರಣ ಅವಧಿಯ ಇಳಿಕೆಯನ್ನು ಇಂತಹ ಕ್ರಮದ ಯಶಸ್ಸೆಂದು ಭಾವಿಸುವುದು ತಪ್ಪಾಗುತ್ತದೆ. ಒಂದೇ ನಗರದ, ಒಂದೇ ದಾಖಲಾತಿ ಪದ್ಧತಿಯ ಹಲವು ವರ್ಷಗಳ ಹೋಲಿಕೆಯು ರಾಜ್ಯಗಳ ನಡುವಿನ ಶ್ರೇಯಾಂಕಕ್ಕಿಂತ ಹೆಚ್ಚು ಅರ್ಥಪೂರ್ಣ.